ಯೋಗಾ ಮ್ಯಾಟಿನ ಕತ್ತಿ

ನಾವು ವಿದೇಶದಲ್ಲಿದ್ದಾಗ, ಕ್ವೇಕರ್ಸ್ ಹಿಲ್ ಅನ್ನುವ ಉಪನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಂಗಳೂರಿನ ಆಂಟಿಯೊಬ್ಬರಿದ್ದರು. ಅವರ ಕಾಲೇಜು ಓದುವ ಮಗನಿಗೆ ಜಪಾನಿನ ಅನಿಮೆ ಕಾರ್ಟೂನುಗಳೆಂದರೆ ಹುಚ್ಚು. ವರ್ಷಕ್ಕೊಮ್ಮೆ ಸಿಟಿಯಲ್ಲಿ ಇಂಥ ಹುಚ್ಚಿನವರೆಲ್ಲ ಕಾಮಿಕ್ಸಿನ ವೇಷ ಹಾಕಿಕೊಂಡು ಸೇರುತ್ತಾರೆ. ಮಗನ ವೇಷಕ್ಕೆ ಬೇಕಾದ ಕತ್ತಿ ಮಾಡಿಕೊಡುತ್ತಿದ್ದವರು ಆಂಟಿಯೇ. ಹಳೇ ಯೋಗಾ ಮ್ಯಾಟ್ ಕತ್ತರಿಸಿ, ಅಂಟಿಸಿ, ಬೆಳ್ಳಿ ಬಣ್ಣ ಬಳಿದು, ಒಣಗಿದ ಮೇಲೆ ನನ್ನೆದುರು ಬಗ್ಗಿಸುತ್ತಿದ್ದರು.

"ನೋಡು ಮಾರಾಯ್ತಿ, ಬಗ್ಗುತ್ತದೆ ಅಲ್ಲವಾ?"

ಹೌದು ಅಂದರೂ ಇನ್ನೊಮ್ಮೆ ಕೇಳುತ್ತಿದ್ದರು. ಆರಡಿ ಎತ್ತರದ ಮಗ, ಕಪ್ಪು ನಿಲುವಂಗಿ, ದೆವ್ವದ ಮುಖವಾಡ. "ನನ್ನ ಮಗ ಅಂತ ಮುಖವಾಡದ ಮೇಲೆ ಬರೆದಿಲ್ಲವಲ್ಲ," ಅನ್ನುತ್ತಿದ್ದರು.

ಒಂದು ವರ್ಷ ನಾನೂ ಜೊತೆಗೆ ಹೋದೆ. ಟ್ರೈನಿನಲ್ಲಿ ಕತ್ತಿ ಆಂಟಿಯ ಮಡಿಲಲ್ಲೇ ಇತ್ತು. ಎದುರಿನ ಹೆಂಗಸು ವೇಷ ಹಾಕಿಕೊಂಡ ಮಗನನ್ನು ನೋಡಿದವಳೇ ಮಗುವನ್ನೆತ್ತಿಕೊಂಡು ಬೇರೆ ಬೋಗಿಗೆ ಹೋದಳು. ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರು ಪೊಲೀಸರು ಹತ್ತಿ ನೇರ ನಮ್ಮ ಕಡೆಗೇ ಬಂದರು. ಒಬ್ಬನ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು. ಮುಖವಾಡ ತೆಗೆಯಲು ಮಗ ಕೈ ಎತ್ತಿದ. ಅಲ್ಲಾಡಬೇಡ ಎಂದು ಕೊಂಕಣಿಯಲ್ಲಿ ಕಿರುಚಿದ ಆಂಟಿ, ನಡುವೆ ನಿಂತು ಕತ್ತಿಯ ಎರಡೂ ತುದಿ ಹಿಡಿದು ಬಗ್ಗಿಸಿದರು.

"ಇಟ್ ಬೆಂಡ್ಸ್, ಸರ್! ಇಟ್ ಬೆಂಡ್ಸ್!"

ಪೊಲೀಸರು ನಕ್ಕುಬಿಟ್ಟರು. ವೇಷ ಮೆಚ್ಚಿ, ಮಗನ ಜೊತೆ ಫೋಟೋ ತೆಗೆಸಿಕೊಂಡು ಇಳಿದುಹೋದರು. ಮಗನೂ ನಗುತ್ತಿದ್ದ. ಆಂಟಿ ಮಾತ್ರ ಕೂರಲಿಲ್ಲ. ಸಿಟಿ ಬರುವವರೆಗೂ ಬಾಗಿಲಲ್ಲೇ ನಿಂತು, ಹತ್ತಿದ ಒಬ್ಬೊಬ್ಬರಿಗೂ ಕತ್ತಿ ಬಗ್ಗಿಸಿ ತೋರಿಸಿದರು.