ಬೀಗ ಹಾಕಿದ ಬೆಲ್ಲ

೧೯೫೮ರಲ್ಲಿ ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಹೊರರೋಗಿ ವಿಭಾಗಕ್ಕೆ ಡಯಟ್ ಅಸಿಸ್ಟೆಂಟ್ ಆಗಿದ್ದೆ. ಬಿ.ಎಸ್ಸಿ. ಮುಗಿಸಿ ಸೇರಿ ಎಂಟು ತಿಂಗಳಾಗಿತ್ತು. ಯಾರು ಏನನ್ನು, ಎಷ್ಟು, ಎಷ್ಟು ಹೊತ್ತಿಗೆ ತಿನ್ನಬೇಕೆಂದು ಪಥ್ಯದ ಚೀಟಿ ಬರೆದುಕೊಡುವುದು, ವಾರಕ್ಕೆ ಎರಡು ದಿನ ಅವರ ಮನೆಗಳಿಗೆ ಹೋಗಿ ಅದು ನಡೆಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಆ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದೆ. ಪಡುವಾರಹಳ್ಳಿಯ ಒಂದು ಅಡುಗೆಮನೆಯಲ್ಲಿ ಕಳೆದ ಇಪ್ಪತ್ತು ನಿಮಿಷ ಮಾತ್ರ ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ. ಈಗಲೂ ಯಾರಾದರೂ ಬೆಲ್ಲ ಕುಟ್ಟುವ ಸದ್ದು ಕೇಳಿದರೆ ಗಡಿಯಾರ ನೋಡುತ್ತೇನೆ.

ರೋಗಿಯ ಹೆಸರು ಚಿಕ್ಕತಾಯಮ್ಮ, ವಯಸ್ಸು ಮೂವತ್ತನಾಲ್ಕು. ಇಲವಾಲದ ಕಡೆಯ ಬೇಸಾಯದ ಕುಟುಂಬ. ಊರು ಬಿಟ್ಟು ಬಂದು ಗಂಡ ಗಾರೆ ಕೆಲಸ ಹಿಡಿದಿದ್ದ, ಮೈದುನ ಕಾರ್ಖಾನೆಯಲ್ಲಿದ್ದ. ಮಾವ, ಅತ್ತೆ, ಮಕ್ಕಳು ಸೇರಿ ಮನೆಯಲ್ಲಿ ಎಂಟು ಜನ. ಡಾಕ್ಟರು ದಿನಕ್ಕೊಂದು ಇನ್ಸುಲಿನ್ ಇಂಜೆಕ್ಷನ್ ಬರೆದಿದ್ದರು. ಅದನ್ನು ಕೊಡಲು ಗಂಡ ಕಲಿತುಕೊಂಡಿದ್ದ. ನನ್ನ ಚೀಟಿ ಹೀಗಿತ್ತು: ಏಳಕ್ಕೆ ಸೂಜಿ, ಏಳೂವರೆಗೆ ತಿಂಡಿ, ಹನ್ನೆರಡಕ್ಕೆ ಊಟ, ನಾಲ್ಕಕ್ಕೆ ಮಜ್ಜಿಗೆ, ಎಂಟಕ್ಕೆ ಊಟ. ಆಕೆಗೆ ಓದು ಬಾರದೆಂದು ಮುದ್ದೆಯ ಗಾತ್ರವನ್ನು ಕಿತ್ತಳೆಹಣ್ಣಿನಷ್ಟು ಎಂದು ಚಿತ್ರ ಬಿಡಿಸಿ ತೋರಿಸಿದ್ದೆ. ಆ ಚಿತ್ರದ ಬಗ್ಗೆ ನನಗೆ ಹೆಮ್ಮೆಯಿತ್ತು.

"ಗೊತ್ತಾಯಿತಾ?" ಎಂದು ಕೇಳಿದೆ.

"ಊಂ ಕಣವ್ವ" ಎಂದಳು ತಲೆ ಬಗ್ಗಿಸಿಕೊಂಡೇ.

ಆಗೆಲ್ಲ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದ ಜೊತೆ ಕಾಯಿಸಿ ಸಕ್ಕರೆ ನೋಡುತ್ತಿದ್ದೆವು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಿಗೆ ಕೆಂಪು ಎಂದು ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು. ಚಿಕ್ಕತಾಯಮ್ಮನದು ಮೂರು ವಾರವೂ ಇಟ್ಟಿಗೆ ಕೆಂಪು. ಡಾಕ್ಟರು ಇನ್ಸುಲಿನ್ನನ್ನು ಇಪ್ಪತ್ತರಿಂದ ಮೂವತ್ತೆರಡು ಯೂನಿಟ್‌ಗೆ ಏರಿಸಿದರು. ಆಕೆ ಕದ್ದು ಸಿಹಿ ತಿನ್ನುತ್ತಿದ್ದಾಳೆಂದು ನಾನು ತೀರ್ಮಾನಿಸಿಬಿಟ್ಟೆ. ಜೊತೆಯಲ್ಲಿ ಬಂದಿದ್ದ ಅತ್ತೆ ಕೆಂಪಮ್ಮನನ್ನು ಪಕ್ಕಕ್ಕೆ ಕರೆದು, "ಬೆಲ್ಲ ಇವರ ಪಾಲಿಗೆ ವಿಷ. ಬೀಗ ಹಾಕಿಡಿ" ಎಂದೆ. ನನ್ನ ಇಡೀ ವೃತ್ತಿಯಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಅಷ್ಟು ನಿಷ್ಠೆಯಿಂದ ಪಾಲನೆಯಾದದ್ದು ಬೇರೊಂದಿಲ್ಲ.

ಒಂದು ವಾರದ ನಂತರ ಆ ಮನೆಗೆ ಹೊರಟೆ. ಮೊದಲು ಜಯಲಕ್ಷ್ಮಿಪುರಂನಲ್ಲಿ ಇನ್ನೊಬ್ಬರನ್ನು ನೋಡಬೇಕಿತ್ತು. ಅವರು ಮನೆಯಲ್ಲಿರಲಿಲ್ಲ. ಅವರು ಇದ್ದಿದ್ದರೆ ನಾನು ಪಡುವಾರಹಳ್ಳಿ ತಲುಪುವಾಗ ಹನ್ನೆರಡೂವರೆ ಆಗುತ್ತಿತ್ತು. ಈ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇನೋ ನನಗೇ ತಿಳಿಯದು.

ಹನ್ನೊಂದು ದಾಟಿತ್ತು. ಕೆಂಪಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಬನ್ನಿ ಅವ್ವಾ, ಬೀಗ ನೋಡಕ್ ಬಂದ್ರಾ?" ಎಂದು ಸೊಂಟದ ಬೀಗದಕೈ ಎತ್ತಿ ತೋರಿಸಿದರು. "ಒಂದು ಇರುವೆನೂ ಒಳೀಕ್ಕೋಗಿಲ್ಲ ಕಣವ್ವ."

ಒಳಗೆ ಚಿಕ್ಕತಾಯಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕುತ್ತಿಗೆ, ಬೆನ್ನು ಒದ್ದೆಯಾಗಿದ್ದವು. ಒಲೆಯ ಕಾವಿಗೆ ಬೆವರಿದ್ದಾಳೆ ಎಂದುಕೊಂಡೆ. ಪಕ್ಕದಲ್ಲಿ ಕೂತು ಪಥ್ಯದ ಬಗ್ಗೆ ಐದು ನಿಮಿಷ ಭಾಷಣ ಮಾಡಿದೆ. ಆ ಐದು ನಿಮಿಷವನ್ನು ಹಿಂದಕ್ಕೆ ಪಡೆಯುವಂತಿದ್ದರೆ!

"ನಿಜ ಹೇಳಿ, ಕದ್ದು ಏನು ತಿನ್ನುತ್ತೀರಿ?" ಎಂದೆ.

ಆಕೆ ನನ್ನ ಮುಖ ನೋಡಿ ಜೋರಾಗಿ ನಕ್ಕಳು. ಆಮೇಲೆ ಬಾಗಿಲ ಕಡೆ ತಿರುಗಿ, ತೊದಲುತ್ತ, "ಏ ಮುದ್ಕಿ, ನಿನ್ ಮಕ್ಕಳಿಗೆ ನೀನೇ ಬಂದು ಇಕ್ಕು" ಎಂದು ಕೂಗಿದಳು.

ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಅತ್ತೆಗೆ ಎದುರು ಮಾತನಾಡದವಳು. ಕೆಂಪಮ್ಮ ಓಡಿಬಂದರು. "ಅಯ್ಯಯ್ಯೋ, ಇವಳ್ಗೆ ಗಾಳಿ ಮೆಟ್ಕೊಂಡೈತೆ!"

ಆಕೆಯ ಕೈಯಿಂದ ಕೋಲು ಜಾರಿತು, ಮೈ ಒಲೆಯ ಕಡೆ ವಾಲಿತು. ತೋಳು ಹಿಡಿದು ಹಿಂದಕ್ಕೆಳೆದೆ. ಉರಿಯುವ ಒಲೆಯ ಮುಂದೆ ಕೂತವಳ ತೋಳು ಬಾವಿ ನೀರಿನಷ್ಟು ತಣ್ಣಗಿತ್ತು. ನನಗೆ ಅರ್ಥವಾದದ್ದು ಆಗ.

"ಬೆಳಗ್ಗೆಯಿಂದ ಏನು ತಿಂದಿದ್ದಾರೆ?"

"ಏನ್ ತಿಂತಾಳೆ? ಇನ್ನೂ ಗಂಡಸ್ರು ಉಂಡಿಲ್ವಲ್ಲ. ಚಿಕ್ಕೋನು ಡ್ಯೂಟಿ ಮುಗಿಸ್ಕೊಂಡು ಎರಡು ಗಂಟೆಗೆ ಬತ್ತಾನೆ. ಅವ್ನುಂಡ್ಮೇಲೆ ಇವಳು."

"ಸೂಜಿ?"

"ಅದು ಏಳ್ ಗಂಟೆಗೇ ಆಯ್ತು. ನನ್ ಮಗ ಚುಚ್ಬುಟ್ಟೇ ಕೆಲ್ಸಕ್ಕೋಗದು."

ಇನ್ಸುಲಿನ್ ಮೈಗೆ ಸೇರಿದ ಮೇಲೆ ಊಟಕ್ಕಾಗಿ ಕಾಯುವುದಿಲ್ಲ. ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ತಿನ್ನದಿದ್ದರೆ ಮೊದಲು ಬೆವರು, ಆಮೇಲೆ ಬುದ್ಧಿ ಕಲಕುತ್ತದೆ, ಆಮೇಲೆ ಸೆಳವು, ಪ್ರಜ್ಞೆ ತಪ್ಪುವುದು, ಸಾವು. ತಕ್ಷಣದ ಮದ್ದು ಒಂದೇ, ಸಿಹಿ.

"ಬೆಲ್ಲ ಕೊಡಿ, ಬೇಗ!"

ಕೆಂಪಮ್ಮನ ಕೈ ಬೀಗದಕೈಯನ್ನು ಬಿಗಿಯಾಗಿ ಹಿಡಿಯಿತು. "ಬೆಲ್ಲ ವಿಷ ಅಂದೋರು ನೀವೇ ಅಲ್ವ್ರಾ? ಇವಳ್ನ ಸಾಯ್ಸಕ್ ಬಂದಿದ್ದೀರಾ?"

ನಾನು ವಿವರಿಸಲು ಹೋದೆ. ಬಾಯಿಗೆ ಬಂದದ್ದು ಪಾಠದ ಪುಸ್ತಕದ ಇಂಗ್ಲಿಷ್ ಪದಗಳು. ಅಷ್ಟರಲ್ಲಿ ಚಿಕ್ಕತಾಯಮ್ಮನ ಕಣ್ಣುರೆಪ್ಪೆ ಇಳಿಯತೊಡಗಿತ್ತು. ಕೊನೆಗೆ ಹೇಳಿದೆ: "ಅಮ್ಮಾ, ಅವತ್ತು ನಾನು ಅರ್ಧ ಮಾತ್ರ ಹೇಳಿದೆ. ತಪ್ಪು ನನ್ನದು. ಈಗ ಬೆಲ್ಲ ಕೊಡದಿದ್ದರೆ ಇವರು ಉಳಿಯುವುದಿಲ್ಲ."

ಕೆಂಪಮ್ಮ ಸೊಂಟದಿಂದ ಬೀಗದಕೈ ಎಳೆದುಕೊಂಡರು. "ಅರ್ಧ ಹೇಳಕ್ಕೆ ಯಾಕವ್ವ ಬಂದ್ರಿ?" ಎಂದು ಹೋಗಿ ಪೆಟ್ಟಿಗೆಯ ಬೀಗ ತೆಗೆದರು. ಬೆಲ್ಲ ಕುಟ್ಟಿ, ನೀರಿನಲ್ಲಿ ಕದಡಿ ತಂದುಕೊಟ್ಟರು. ಆಕೆ ಇನ್ನೂ ನುಂಗುತ್ತಿದ್ದಳು. ಅದೊಂದೇ ಅದೃಷ್ಟ. ಕೂರಿಸಿ ಹಿಡಿದುಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಸಲ ನೀರು ತುಟಿಯಿಂದ ಆಚೆಗೆ ಸುರಿಯಿತು. ಆ ಗುಟುಕು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಹನ್ನೆರಡು ನಿಮಿಷವಾಯಿತು. ಚಿಕ್ಕತಾಯಮ್ಮ ಕಣ್ಣು ಬಿಟ್ಟು ಸುತ್ತ ನೋಡಿ, ಗಡಬಡಿಸಿ ತಲೆಗೆ ಸೆರಗು ಎಳೆದುಕೊಂಡಳು. "ಇಟ್ಟು ಸೀದೋಯ್ತಾ, ಅತ್ತೆ?"

ಕೆಂಪಮ್ಮ ಅಳುತ್ತಲೇ ನಕ್ಕರು. "ನನ್ನ ಮುದ್ಕಿ ಅಂದ್ಯಲ್ಲಮ್ಮಿ, ಇಟ್ಟಿನ ಚಿಂತೆ ಈಗ ಬಂತಾ?"

ಆಕೆಗೆ ಊಟ ಮಾಡಿಸಿ, ಜೊತೆಯಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ವರದಿಯಲ್ಲಿ ಮೊದಲು 'ರೋಗಿ ಸೂಚನೆ ಪಾಲಿಸಿಲ್ಲ' ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ. ಆ ಸೂಚನೆಯನ್ನು ಆ ಮನೆಯ ಸೊಸೆ ಪಾಲಿಸುವಂತೆಯೇ ಇರಲಿಲ್ಲ. ಏಳೂವರೆಗೆ ತಿನ್ನುವುದೆಂದರೆ ಗಂಡ, ಮಾವ, ಮೈದುನರಿಗಿಂತ ಮೊದಲು ತಟ್ಟೆ ಮುಂದೆ ಕೂರುವುದು. ಆಕೆ ಮಧ್ಯಾಹ್ನ ಎರಡರವರೆಗೆ ಹಸಿದಿದ್ದು, ರಾತ್ರಿ ಎಲ್ಲರದೂ ಆದಮೇಲೆ ದಿನದ ಹಸಿವನ್ನೆಲ್ಲ ಸೇರಿಸಿ ಉಣ್ಣುತ್ತಿದ್ದಳು. ಬೆಳಗಿನ ಪರೀಕ್ಷೆಯ ಕೆಂಪು ಬಣ್ಣ ಅಲ್ಲಿಂದ ಬಂದದ್ದು. ಅದನ್ನು ನೋಡಿ ಏರಿಸಿದ ಇನ್ಸುಲಿನ್ ಹಗಲಿನ ಖಾಲಿ ಹೊಟ್ಟೆಯ ಮೇಲೆ ಬಿದ್ದಿತ್ತು. ಡಾಕ್ಟರು ಅದನ್ನು ಇಳಿಸಿದರು.

ಮುಂದಿನ ವಾರ ನಾನು ಹೊಸ ಚೀಟಿಯೊಂದಿಗೆ ಹೋದಾಗ ಕೆಂಪಮ್ಮ ಆಗಲೇ ದಾರಿ ಕಂಡುಕೊಂಡಿದ್ದರು. "ನಾನೂ ನಲವತ್ತು ವರ್ಷ ಕೊನೇಗೇ ಉಂಡೋಳು. ಈಗ ಸೂಜಿ ಆಗ್ತಿದ್ದಂಗೆ ನಾನೇ ಮೊದ್ಲು ಕೂತ್ಕೊತೀನಿ, ಇವಳ್ನೂ ಪಕ್ಕ ಕೂರಿಸ್ಕೊತೀನಿ. ಮುದ್ಕಿ ಉಂಡ್ರೆ ಯಾರೇನಂತಾರೆ ನೋಡಾನ." ಯಾರೂ ಏನೂ ಅನ್ನಲಿಲ್ಲ. ಚಿಕ್ಕತಾಯಮ್ಮನ ಸೆರಗಿನ ತುದಿಯಲ್ಲಿ ಬೆಲ್ಲದ ಒಂದು ಚೂರು ಸದಾ ಗಂಟಿನಲ್ಲಿರುತ್ತಿತ್ತು. ಅದನ್ನು ಕಟ್ಟುತ್ತಿದ್ದವರೂ ಅತ್ತೆಯೇ. ತಿಂಗಳೊಳಗೆ ಪರೀಕ್ಷೆಯ ಬಣ್ಣ ಹಸಿರಿಗೆ ಇಳಿಯಿತು.

ಜನ ಪಥ್ಯ ಮುರಿಯುವುದು ನಾಲಗೆಯ ಚಪಲಕ್ಕೆ ಎಂದು ನಾನು ಕಾಲೇಜಿನಿಂದ ನಂಬಿಕೊಂಡು ಬಂದಿದ್ದೆ. ಎಷ್ಟೋ ಸಲ ಅಡ್ಡ ನಿಲ್ಲುವುದು ಮನೆಯಲ್ಲಿ ಊಟ ಬಡಿಸುವ ಸರದಿ. ಅದು ಯಾವ ಚೀಟಿಯಲ್ಲೂ ಇರುವುದಿಲ್ಲ. ಅವತ್ತಿನಿಂದ ನಿವೃತ್ತಿಯಾಗುವವರೆಗೆ, ಎದುರು ಕೂತ ಪ್ರತಿಯೊಬ್ಬ ಹೆಂಗಸನ್ನೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ನಿಮ್ಮ ಮನೆಯಲ್ಲಿ ನೀವು ಯಾರು ಉಂಡ ಮೇಲೆ ಉಣ್ಣುತ್ತೀರಿ?" ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ.