ಫ್ರಿಜ್ಜಿನಲ್ಲಿ ಕಲ್ಲಾದ ತೊಡೆ

ಹೋದ ವಾರ ಬೆಳಿಗ್ಗೆ ಅಡುಗೆಮನೆಯಿಂದ ಧಡ್ ಧಡ್ ಅಂತ ಸದ್ದು ಬಂತು. ನಾನೀಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಎದ್ದು ಹೋಗಿ ನೋಡಿದರೆ ಮಗಳು ರುಬ್ಬುಗುಂಡು ಹಿಡಿದು ಫ್ರೀಜರಿಗೆ ಅಂಟಿಕೊಂಡ ಕುರಿಯ ತೊಡೆಯನ್ನು ಬಡಿಯುತ್ತಿದ್ದಳು. ಮಂಜಿನ ಚೂರು ಸಿಡಿದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಆ ವಾಸನೆ. ಹಸಿ ಖಂಡದ್ದಲ್ಲ, ಬೆಂದದ್ದೂ ಅಲ್ಲ, ಒದ್ದೆ ಕಬ್ಬಿಣದ ಹಾಗೆ.

“ಯಾಕ ಬೇ ಹಂಗ ನೋಡ್ತಿ? ಮಧ್ಯಾಹ್ನದೊಳಗ ಕರಗತೈತಿ” ಅಂದಳು.

“ಕರಗಂಗಿಲ್ಲ” ಅಂದೆ. ನನಗೆ ಗೊತ್ತಿತ್ತು.

ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿದ್ದಾಗ ನಮ್ಮ ಎದುರು ಮನೆಯಲ್ಲಿ ಒಬ್ಬಾಕೆ ಇದ್ದಳು. ರಕ್ತಸಂಬಂಧವೇನೂ ಇರಲಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು ಅಂತ ಅತ್ತೆ ಅನ್ನುತ್ತಿದ್ದೆ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ನಾಟಿ ಹಚ್ಚುವ ಕೂಲಿಗೆ ಹೋಗುತ್ತಿದ್ದಳು. ಆಕೆ ದೇವರಂಥವಳು ಅಂತ ಬರೆಯಲು ನಾನು ಕೂತಿಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ಅಡುಗೆಯಲ್ಲಿ ಕೊಂಕು ತೆಗೆಯದೆ ಒಂದು ದಿನವೂ ಉಂಡವಳಲ್ಲ. ಆದರೆ ಖಂಡ ಕೊಯ್ಯುವುದರಲ್ಲಿ ಆಕೆಗೆ ಸರಿಸಮ ಯಾರೂ ಇರಲಿಲ್ಲ.

ಈಳಿಗೆಯ ಮುಂದೆ ಕೂತು, ಒಂದು ಹಿಡಿ ಗಾತ್ರದ ತುಂಡನ್ನು ಒಂದು ಕಡೆಯಿಂದ ಸೀಳುವಳು. ತುದಿಗೆ ಬಂದಾಗ ನಿಲ್ಲಿಸಿ, ಮಗುಚಿ, ಇನ್ನೊಂದು ಕಡೆಯಿಂದ ಸೀಳುವಳು. ಬಿಚ್ಚಿ ಹಿಡಿದರೆ ಆ ಒಂದು ಹಿಡಿ ಖಂಡ ಸೀರೆಯ ಅಂಚಿನ ಹಾಗೆ ಭುಜದಿಂದ ನೆಲದ ತನಕ ಇಳಿಯುತ್ತಿತ್ತು, ಎಲ್ಲೂ ತುಂಡಾಗದೆ. ಉಪ್ಪು, ಅರಿಶಿಣ ತಿಕ್ಕಿ ಅಂಗಳದ ಹಗ್ಗಕ್ಕೆ ಸರ ಹಾಕುವಳು. ಮೂರು ದಿನ ಕಾಗೆ ಮುಟ್ಟದ ಹಾಗೆ ಕಾಯುವಳು. ಒಣಗಿ ಕಟಕಟ ಅನ್ನುವ ಹಾಗಾದ ಮೇಲೆ ಗಡಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರೆ ಮಳೆಗಾಲ ದಾಟುತ್ತಿತ್ತು.

ನಮ್ಮ ಮನೆಗೆ ಫ್ರಿಜ್ಜು ಬಂದದ್ದು ಆಗಲೇ. ಓಣಿಗೆ ಮೊದಲ ಫ್ರಿಜ್ಜು. ಅಕ್ಕಪಕ್ಕದವರು ಬಂದು ಬಾಗಿಲು ತೆಗೆಸಿ, ಕೈ ಒಳಗಿಟ್ಟು ನೋಡಿ ಹೋಗುತ್ತಿದ್ದರು. ನನಗೆ ಸೊಕ್ಕು ಬಂದಿತ್ತು. ಸುಳ್ಳು ಯಾಕೆ ಬರೆಯಲಿ?

ಅತ್ತೆಗೆ ಒಬ್ಬ ತಮ್ಮ ಇದ್ದ, ಕುರುಗೋಡಿನಲ್ಲಿ. ಅವರ ತಾಯಿ ಸತ್ತಾಗ ಆತ ಅಕ್ಕ ಬರುವ ತನಕ ಕಾಯದೆ ಹೆಣ ಎತ್ತಿಸಿದ್ದ. ಈಕೆ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಆತನ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ತಿರುಗಿ ಬಂದವಳು ಆರು ವರ್ಷ ಮಾತು ಬಿಟ್ಟಿದ್ದಳು. ಆಮೇಲೆ ಅದು ಹೇಗೋ, ಯಾರ ಫೋನಿನಿಂದಲೋ, ಅಕ್ಕ ತಮ್ಮ ಮಾತಾಡಿದರು. ಬುಧವಾರ ಬರುತ್ತೇನೆ ಅಂದ. ಬಿಟ್ಟ ಮಾತು ಕೂಡಬೇಕಾದರೆ ನಮ್ಮಲ್ಲಿ ಒಂದೇ ಪಾತ್ರೆಯ ಖಂಡ ಕೂಡಿ ಉಣ್ಣಬೇಕು. ಹಿಂದಿನ ತೊಡೆ ಮಾಡಿ, ಅದರ ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಅಕ್ಕ ತನ್ನ ಕೈಯಾರೆ ತಮ್ಮನ ತಾಟಿಗೆ ಇಡಬೇಕು. ಅಷ್ಟಾದರೆ ಹಳೆಯದೆಲ್ಲ ಮುಗಿಯಿತು, ಮತ್ತೆ ಎತ್ತಬಾರದು.

ಓಣಿಯವರು ಕೂಡಿ ಭಾನುವಾರಕ್ಕೊಮ್ಮೆ ಕುರಿ ಕೊಯ್ದು ಪಾಲು ಹಾಕುತ್ತಿದ್ದೆವು. ಆ ಭಾನುವಾರ ಅತ್ತೆ ಮುಂದಿನ ಎರಡು ಸಲದ ತನ್ನ ಪಾಲು ಬಿಟ್ಟುಕೊಟ್ಟು ಇಡೀ ತೊಡೆ ಕೇಳಿ ಇಸಕೊಂಡಳು. ನಲ್ಲಿ ಮೂಳೆ ಬಿಡಿಸಿಟ್ಟು ಖಂಡವನ್ನು ಸರ ಹಾಕಬೇಕೆಂದು ಆಗಷ್ಟೇ ಈಳಿಗೆ ಹಾಕಿಕೊಂಡು ಕೂತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ನಕ್ಕೆ.

“ಆರು ವರ್ಷದ ಮ್ಯಾಲೆ ಬರೋ ತಮ್ಮಗ ಒಣಖಂಡ ತಿನ್ನಸ್ತಿಯೇನು ಅತ್ತಿ? ಕೊಡಿಲ್ಲೆ. ಬುಧವಾರ ತಗದ್ರ ಈಗ ಕೊಯ್ದಂಗ ಇರತೈತಿ.”

“ನಿನ್ನ ಡಬ್ಬಿ ಮ್ಯಾಲೆ ನನಗ ನಂಬಿಕಿಲ್ಲಲೇ” ಅಂದಳು. ಆದರೆ ನನ್ನ ಮಾತು ಆಕೆಗೆ ಚುಚ್ಚಿತ್ತು. ಈಳಿಗೆ ಮಡಚಿದಳು. ನಾನು ತೊಡೆಯನ್ನು ಇದ್ದ ಹಾಗೆಯೇ, ಒಂದು ತುಂಡೂ ಮಾಡದೆ, ಟವೆಲ್ಲಿನಲ್ಲಿ ಸುತ್ತಿ ಮೇಲಿನ ಖಾನೆಗೆ ತುರುಕಿದೆ. ಇಡುವುದು ಹೇಗೆ, ತೆಗೆಯುವುದು ಹೇಗೆ ಅಂತ ಯಾರನ್ನೂ ಕೇಳಲಿಲ್ಲ. ಕೇಳಿದರೆ ಸೊಕ್ಕು ಏನಾಗಬೇಕು?

ಬುಧವಾರ ಎಂಟು ಗಂಟೆಗೆ ತೆಗೆದೆ. ತಮ್ಮ ಒಂಬತ್ತಕ್ಕೇ ಬಂದು ಕಟ್ಟೆಯ ಮೇಲೆ ಕೂತ. ತೊಡೆ ಕಲ್ಲಾಗಿತ್ತು. ಟವೆಲ್ಲೂ ಅದರ ಜೊತೆಗೇ ಕಲ್ಲು. ಮಚ್ಚಿನಿಂದ ಹೊಡೆದರೆ ಬಿಳಿ ಗೀರು ಬಿತ್ತೇ ಹೊರತು ಕತ್ತರಿಸಲಿಲ್ಲ. ಕೊಡಲಿ ತಂದು ಬೀಸಿದರೆ ತೊಡೆ ಜಾರಿ ಅಂಗಳ ದಾಟಿ ಚರಂಡಿಯ ಹತ್ತಿರ ಹೋಯಿತು. ನಾಯಿ ಮೂಸಿ ನೋಡಿ ಬಿಟ್ಟು ಹೋಯಿತು.

ತಮ್ಮ ನಕ್ಕ. “ಯಕ್ಕಾ, ಇದು ಕುರಿ ತೊಡಿ ಏನು, ನಮ್ಮ ಕುರುಗೋಡ ಗುಡ್ಡದ ಕಲ್ಲೇನು?”

ಅತ್ತೆಯೂ ನಕ್ಕಳು. ಅದು ಬೆಳಿಗ್ಗೆ.

ತೊಳೆದು ಬಿಸಿಲಿಗಿಟ್ಟೆವು. ನೊಣ ಮುತ್ತಿತೇ ಹೊರತು ಕರಗಲಿಲ್ಲ. ಕುದಿಯುವ ನೀರು ಸುರಿದರೆ ಮೇಲೆ ಬೂದಿ ಬಣ್ಣಕ್ಕೆ ತಿರುಗಿತು, ಒಳಗೆ ಹಾಗೇ. ಕೊನೆಗೆ ಇಡಿಯಾಗಿಯೇ ಹಂಡೆಗೆ ಹಾಕಿ ಸೌದೆ ಒಟ್ಟಿದೆವು. ಒಂದು ಗಂಟೆಯಾಯಿತು, ಎರಡಾಯಿತು. ಹೊರಗೆ ನಾರು ಬಿಡುತ್ತಿತ್ತು. ಮೂಳೆಯ ಹತ್ತಿರ ಚಾಕು ಚುಚ್ಚಿದರೆ ತಣ್ಣಗೆ ಕೆಂಪು ನೀರು ಬರುತ್ತಿತ್ತು. ತಮ್ಮ ಬರೀ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

“ಅವ್ವನಂಗ ಒಣಖಂಡ ಇಟ್ಟಿದ್ದರ ಪುಂಡಿಪಲ್ಲೆದಾಗ ಹಾಕಿ ಕೊಡು ಯಕ್ಕಾ, ಸಾಕು” ಅಂದ. ಗಡಿಗೆ ಖಾಲಿಯಿತ್ತು. ಅತ್ತೆ ನನ್ನ ಕಡೆ ನೋಡಿದಳು. ಬೈಯಲಿಲ್ಲ, ನೋಡಿದಳು ಅಷ್ಟೇ.

ಮೂರೂವರೆಗೆ ಆತ ಎದ್ದ. ಅವತ್ತು ಸಂಜೆ ಆತನ ಗದ್ದೆಗೆ ಕಾಲುವೆ ನೀರಿನ ಪಾಳಿ ಇತ್ತು. ಪಾಳಿ ತಪ್ಪಿದರೆ ಮುಂದಿನ ವಾರದ ತನಕ ನೀರಿಲ್ಲ. ಸಿರುಗುಪ್ಪಕ್ಕೆ ಹೋಗಿ ಕುರುಗೋಡಿನ ಬಸ್ಸು ಹಿಡಿಯಬೇಕು. ಅತ್ತೆ ಅನ್ನ ಮೊಸರಾದರೂ ಉಣ್ಣು ಅಂತ ಕೈ ಹಿಡಿದಳು.

“ತೊಡಿ ಊಟಕ್ಕ ಕರದು ಮೊಸರನ್ನ ಇಡ್ತಿಯೇನು?” ಅಂದ. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಮುಖ ಎತ್ತದೆ ಹೇಳಿದ: “ಅವ್ವ ಸತ್ತಾಗ ನಾ ನಿನ್ನ ಕಾಯಲಿಲ್ಲ. ಇವತ್ತು ಮುಂಜಾನಿಂದ ನನ್ನ ಕಾಯಿಸಿದಿ. ಈಗ ಸಮಾಧಾನ ಆತೇನು ಯಕ್ಕಾ?”

“ಹಂಗಲ್ಲೋ ತಮ್ಮಾ...” ಅಂದಳು ಅತ್ತೆ.

ನಾನು ಮಚ್ಚು ಹಿಡಿದು ಅಲ್ಲೇ ನಿಂತಿದ್ದೆ. ತಪ್ಪು ನನ್ನದು ಅನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದರು, ಅವರ ಮುಂದೆ ನನ್ನ ಫ್ರಿಜ್ಜಿನ ಮಾನ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಅತ್ತೆಯಾದರೂ ನನ್ನ ಕಡೆ ಬೆರಳು ತೋರಿಸಬಹುದಿತ್ತು. ಸಣ್ಣ ಸಣ್ಣದಕ್ಕೆಲ್ಲ ಓಣಿ ಹಾರಿಹೋಗುವ ಹಾಗೆ ಬೈಯುತ್ತಿದ್ದವಳು ಅವತ್ತೇ ಯಾಕೆ ಸುಮ್ಮನಿದ್ದಳು? ಇವತ್ತಿಗೂ ಅದನ್ನು ನೆನೆದರೆ ಆಕೆಯ ಮೇಲೇ ಸಿಟ್ಟು ಬರುತ್ತದೆ.

ಆರು ಗಂಟೆಗೆ ತೊಡೆ ಬೆಂದಿತು. ಅತ್ತೆ ಒಂದು ಬೋಗುಣಿ ತುಂಬಿ ತಂದು ನನ್ನ ಒಲೆಯ ಹತ್ತಿರ ಇಟ್ಟು ಹೋದಳು. ಅದರಲ್ಲಿ ನಲ್ಲಿ ಮೂಳೆಯೂ ಇತ್ತು...

ಆ ತಮ್ಮ ಮತ್ತೆ ಬರಲಿಲ್ಲ. ಈಕೆಯೂ ಹೋಗಲಿಲ್ಲ. ಎರಡು ಮಳೆಗಾಲ ಕಳೆದು ಅತ್ತೆ ಸತ್ತಳು. ಬಿಸಿಲೇರುತ್ತದೆ, ಎತ್ತೋಣ ಅಂತ ಓಣಿಯವರು ಅವಸರ ಮಾಡಿದರು. ತಮ್ಮ ಬರುವ ತನಕ ಎತ್ತಬೇಡಿ ಅಂತ ನಾನು ಬಾಗಿಲಿಗೆ ಅಡ್ಡ ಕೂತೆ. ಆತ ಬಂದ. ಮಣ್ಣು ಮಾಡಿ ಬಂದ ಮೇಲೆ ಕಟ್ಟೆಯಲ್ಲಿ ಕೂತಿದ್ದ ಆತನಿಗೆ ಎಲ್ಲ ಹೇಳಿದೆ. ಒಣಖಂಡಕ್ಕೆ ನಕ್ಕಿದ್ದು, ತೊಡೆ ಇಸಕೊಂಡಿದ್ದು, ಬಾಯಿ ಮುಚ್ಚಿಕೊಂಡಿದ್ದು.

“ಮತ್ತ ಇದನ್ನ ಈಗ ಯಾಕ ಹೇಳ್ತಿ ಬೇ?” ಅಂದ.

ಈ ಭಾನುವಾರ ಅಳಿಯ ಮತ್ತೊಂದು ತೊಡೆ ತಂದ. ಫ್ರೀಜರಿಗೆ ಹೋಗುವ ಮೊದಲೇ ಇಸಕೊಂಡು ಮಾಳಿಗೆ ಹತ್ತಿದೆ. ಈಳಿಗೆಯ ಮುಂದೆ ಕೂತು, ಆಕೆ ಮಾಡುತ್ತಿದ್ದ ಹಾಗೆ ಒಂದು ಕಡೆಯಿಂದ ಸೀಳಿದೆ, ಮಗುಚಿದೆ, ಇನ್ನೊಂದು ಕಡೆಯಿಂದ ಸೀಳಿದೆ. ಗೇಣುದ್ದಕ್ಕೇ ತುಂಡಾಯಿತು. ಮತ್ತೊಂದು ತೆಗೆದುಕೊಂಡೆ, ಅದೂ ತುಂಡು. ಮೂವತ್ತು ವರ್ಷ ಎದುರಿಗೇ ಕೂತು ನೋಡಿದ್ದೇನೆ. ಒಂದು ದಿನವೂ ಕೈ ಹಚ್ಚಿ ಕಲಿಯಲಿಲ್ಲ. ತಂತಿಯ ಮೇಲೆ ಹಾಕಿದರೆ ನಿಲ್ಲುವಷ್ಟು ಉದ್ದವೂ ಇಲ್ಲ, ಜಾರಿ ಜಾರಿ ಬೀಳುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳೋಣವೆಂದರೆ, ಗೊತ್ತಿದ್ದವಳು ಮಣ್ಣಿನಲ್ಲಿದ್ದಾಳೆ.

ಬಿಸಿಲು ಜೋರಾಯಿತು, ಕಾಗೆಗಳು ಬಂದು ಕೂತವು. ಎಲ್ಲವನ್ನೂ ಬಾಚಿಕೊಂಡು ಕೆಳಗಿಳಿದು, ಸಣ್ಣ ಸಣ್ಣ ತುಂಡು ಮಾಡಿ, ಒಂದು ಹೊತ್ತಿನ ಅಡುಗೆಗೆ ಒಂದು ಡಬ್ಬಿಯಂತೆ ತುಂಬಿ ಫ್ರೀಜರಿನಲ್ಲೇ ಇಟ್ಟೆ.