ರೈಲು ಹತ್ತಿದ ಕುರಿ ಮತ್ತು ಡಿಸ್ಕ್ ಡ್ರೈವ್

ನನ್ನ ವಯಸ್ಸಿಗೂ ಕೆಲಸಕ್ಕೂ ಒಪ್ಪದ ಚಟವೊಂದು ನನಗಿದೆ. ನಾನು ಲಾರಿ ಓಡಿಸುತ್ತೇನೆ. ಸಣ್ಣಪುಟ್ಟ ಲಾರಿಯಲ್ಲ, ಹಿಂದೆ ಒಂದು ಮನೆಯನ್ನೇ ಕಟ್ಟಿಕೊಂಡು ಹೋಗುವಂಥದ್ದು. ಗಾಬರಿಯಾಗಬೇಡಿ, ಬೆಳಗಾವಿಯ ರಸ್ತೆಗಳು ಇನ್ನೂ ಸುರಕ್ಷಿತವಾಗಿವೆ. ನನ್ನ ಲಾರಿ ಓಡುವುದು ಕಂಪ್ಯೂಟರಿನಲ್ಲಿ. ಊರಿನ ಕ್ಯಾಂಪ್ ಭಾಗದ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ನಾನು, ಮಧ್ಯಾಹ್ನದವರೆಗೆ ಮಕ್ಕಳಿಗೆ ಯುರೋಪಿನ ನದಿಗಳ ಹೆಸರು ಉರುಹೊಡೆಸಿ, ಸಂಜೆ ಚಹಾ ಕುಡಿದು, ಅವೇ ನದಿಗಳ ಸೇತುವೆಯ ಮೇಲೆ ಆಲೂಗಡ್ಡೆ ಹೇರಿಕೊಂಡು ಹೋಗುತ್ತೇನೆ. ಖಡೇಬಜಾರಿನಲ್ಲಿ ಎದುರಿಗೊಂದು ಎಮ್ಮೆ ಬಂದರೆ ಸ್ಕೂಟಿ ನಿಲ್ಲಿಸಿ ಕೆಳಗಿಳಿದು ನಿಲ್ಲುವವಳು ನಾನೇ ಎಂಬುದನ್ನು ನನ್ನ ಗಂಡ ಬಂದವರಿಗೆಲ್ಲ ಹೇಳಿಯೇ ಹೇಳುತ್ತಾರೆ. ಹೇಳಲಿ. ಅವರಿಗೆ ಆಲೂಗಡ್ಡೆ ಹೇರಲಿಕ್ಕೆ ಬರುವುದಿಲ್ಲ.

ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಈ ಹೊರೆಯನ್ನು ಬಹಳ ದಿನ ತಾಳಿಕೊಂಡಿತು. ಆಟ ಶುರುವಾದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಮೇಲೆ ಕೈಯಿಟ್ಟರೆ ರೊಟ್ಟಿ ಬೇಯಿಸಬಹುದು ಅನ್ನಿಸುತ್ತಿತ್ತು. ಕೊನೆಗೊಂದು ದಿನ ಸೇತುವೆಯ ನಟ್ಟನಡುವೆ ಲಾರಿ ನಿಂತಿತು, ಪರದೆ ಕಪ್ಪಾಯಿತು, ಮತ್ತೆ ಬೆಳಕು ಕಾಣಲೇ ಇಲ್ಲ. ಮಗಳು ಮೇಘಾ ಇಲ್ಲೇ ಊರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಓದಿನ ನೆಪ ಹೇಳಿ ಒಂದು ಗೇಮಿಂಗ್ ಕಂಪ್ಯೂಟರ್ ಕೊಳ್ಳುವುದೆಂದು ತಾಯಿ-ಮಗಳು ಸೇರಿ ಸಂಚು ಹೂಡಿದೆವು. ಯಾರ ಓದು, ಯಾರ ಆಟ ಎಂದು ಗಂಡ ಕೇಳಲಿಲ್ಲ. ಸಂಸಾರ ನಡೆಯುವುದೇ ಇಂಥ ಕೇಳದ ಪ್ರಶ್ನೆಗಳಿಂದ.

ಕಂಪ್ಯೂಟರ್ ಎಂದರೆ ಮಿಕ್ಸರಿನ ಹಾಗೆ ಅಂಗಡಿಗೆ ಹೋಗಿ ಡಬ್ಬಿ ಎತ್ತಿಕೊಂಡು ಬರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಒಂದೊಂದು ಭಾಗವನ್ನೂ ಆರಿಸಬೇಕು, ಅದು ಇನ್ನೊಂದಕ್ಕೆ ಹೊಂದುತ್ತದೆಯೇ ನೋಡಬೇಕು, ಹೊಂದದಿದ್ದರೆ ಮೊದಲಿನಿಂದ ಶುರು. ಇಲ್ಲಿಯ ಶಹಾಪುರ ಪೇಟೆಯಲ್ಲಿ ಸೀರೆ ಕೊಳ್ಳುವಾಗ ಇಡೀ ಕಪಾಟು ಕೆಳಗಿಳಿಸಿ, ಚಾದರ ತುಂಬ ಹರವಿಸಿ, ಕೊನೆಗೆ ಮೊದಲು ತೋರಿಸಿದ್ದನ್ನೇ ಕಟ್ಟಿಸಿಕೊಂಡು ಬರುವ ಅನುಭವ ನನಗಿತ್ತು. ಅದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎಷ್ಟು ದೊಡ್ಡದಿದ್ದರೂ ಲೆಕ್ಕ ಮಾಡುವ ಪ್ರೊಸೆಸರ್ ಮಂದವಾಗಿದ್ದರೆ ದುಡ್ಡು ದಂಡ ಎಂದು ಮೇಘಾ ಪಾಠ ಮಾಡಿದಳು. ಅದು ನನಗೆ ತಟ್ಟನೆ ತಿಳಿಯಿತು. ನಾನು ಖಾನಾಪುರದ ಕಡೆಯ ಕುರುಬರ ಮನೆಯವಳು. ಅಪ್ಪನ ಹಿಂಡಿನಲ್ಲಿ ಟಗರು ಎಷ್ಟೇ ಜೋರಾಗಿ ನಡೆದರೂ ನಾವು ಹೊಳೆ ಮುಟ್ಟುತ್ತಿದ್ದದ್ದು ಕುಂಟುವ ಮರಿ ಬಂದು ಸೇರಿದ ಮೇಲೆಯೇ. ಇದನ್ನು ಹೇಳಿದರೆ ಮೇಘಾ, "ಮಮ್ಮಿ, ಅಂಗಡ್ಯಾಗ ಮಾತ್ರ ಕುರಿ ಸುದ್ದಿ ತಗೀಬ್ಯಾಡ ನೋಡ" ಎಂದಳು.

ತೆಗೆಯದೆ ಇರುತ್ತೇನೆಯೇ? ತೆಗೆದೆ. ಅಂಗಡಿಯವರಿಗೆ ಬಹಳ ಹಿಡಿಸಿತು, ನಮಗೆ ಚಹಾ ತರಿಸಿದರು.

ಜಗಳ ಹುಟ್ಟಿದ್ದು ಕೊನೆಯಲ್ಲಿ, ಇವೆಲ್ಲವನ್ನೂ ಕೂಡಿಸಿಡುವ ಪೆಟ್ಟಿಗೆಯ ವಿಷಯಕ್ಕೆ. ಮೇಘಾ ಆರಿಸಿದ್ದು ಗಾಜಿನ ಪೆಟ್ಟಿಗೆ. ಒಳಗೆ ಬಣ್ಣಬಣ್ಣದ ದೀಪಗಳು, ತಿರುಗುವ ಫ್ಯಾನುಗಳು. ನಾನು ಅದನ್ನು ಹಿಂದೆ ಮುಂದೆ ಎಲ್ಲ ಸವರಿ ನೋಡಿದೆ.

"ಸಿಡಿ ಹಾಕೋ ಬಾಯಿ ಎಲ್ಲಿ?"

"ಬಾಯಿ ಇಲ್ಲ ಮಮ್ಮಿ. ಈಗ ಯಾವ ಪೆಟಗ್ಯಾಗೂ ಇರಂಗಿಲ್ಲ. ಎಲ್ಲಾ ಡೌನ್‌ಲೋಡ್. ಡಿಸ್ಕ್ ಡ್ರೈವ್ ಯಾರಿಗೆ ಬೇಕ ಈಗ?"

"ನನಗ ಬೇಕ."

ಅಂಗಡಿಯವರು ನನ್ನ ಕಡೆ ಮರುಕದಿಂದ ನೋಡಿದರು. "ಅಕ್ಕಾರ, ಖರೇ ಹೇಳ್ತೀನ್ರಿ, ಅದನ್ನ ಕೇಳಿದವರು ಈ ವರ್ಷದಾಗ ನೀವ ಮೊದಲನೇದವ್ರು. ಯಾಕ ಬೇಕ್ರಿ?"

ಯಾಕೆ ಬೇಕೆಂದರೆ, ಒಂದು ಕುರಿಯ ಕತೆ ಅರ್ಧಕ್ಕೆ ನಿಂತಿದೆ.

ನನ್ನ ಅಪ್ಪ ಪ್ರಾಯದಲ್ಲಿ ಡೊಳ್ಳಿನ ಪದ ಹಾಡುತ್ತಿದ್ದವನು. ಡೊಳ್ಳು ಬಾರಿಸುವವರು ಹಿಂದೆ, ಕಿವಿಗೆ ಕೈಯಿಟ್ಟುಕೊಂಡು ಹಾಡುವ ಅಪ್ಪ ಮುಂದೆ. ಹಳೆಯ ಪದಗಳನ್ನು ಹಾಡುವವರು ಸುತ್ತಲಿನ ಊರುಗಳಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅಪ್ಪ ತಾನೇ ಕಟ್ಟಿದ ಪದ ಒಂದೇ ಒಂದು. ಹಿಂಡು ಬಿಟ್ಟು ಹೋದ ಕುರಿಯೊಂದು ಲೋಂಡಾ ಸ್ಟೇಶನ್ನಿನಲ್ಲಿ ಗೋವಾದ ರೈಲು ಹತ್ತುವ ಪದ.

ಲೋಂಡಾ ಟೇಸನದಾಗ ಬಂಡಿ ನಿಂತಿತ್ತ
ಹಿಂಡ ಬಿಟ್ಟ ಕರಿಕುರಿ ಬಂಡಿ ಹತ್ತಿತ್ತ

ಅಲ್ಲಿಂದ ಮುಂದೆ ರೈಲು ಕೂಗುತ್ತದೆ, ಕಾಡಿನಲ್ಲಿ ಹೊಗೆ ಬಿಡುತ್ತದೆ, ಕುರಿ ಕಿಟಕಿಯಲ್ಲಿ ಮುಖವಿಟ್ಟು ನೋಡುತ್ತದೆ. ಆಮೇಲೆ? ಆಮೇಲಿನದನ್ನು ಅಪ್ಪ ಮರೆತಿದ್ದಾನೆ. ಬೇರೆ ಏನನ್ನೂ ಮರೆತವನಲ್ಲ. ಯಾವ ಸಂತೆಯಲ್ಲಿ ಯಾವ ಟಗರನ್ನು ಯಾರಿಗೆ ಕೊಟ್ಟೆ ಎಂದು ಕೇಳಿ, ಟಗರಿನ ಕೋಡಿನ ಸುರುಳಿ ಸಮೇತ ಹೇಳುತ್ತಾನೆ. ತನ್ನ ಸ್ವಂತ ಪದದ ಬಾಲ ಮಾತ್ರ ಕೈಗೆ ಸಿಗದು. ಯಾವತ್ತೂ ಬರೆದಿಟ್ಟವನಲ್ಲ, ಜೊತೆಗೆ ಹಾಡುತ್ತಿದ್ದವರು ಈಗಿಲ್ಲ. ಮೇಘಾ ಚಿಕ್ಕವಳಿದ್ದಾಗ "ಕುರಿ ವಾಪಸ್ ಬಂತೋ ಇಲ್ಲೋ?" ಎಂದು ಅಳುತ್ತಿದ್ದಳು. ಅಪ್ಪ ಪಾಪ, ಒಂದೊಂದು ಸಲ ಒಂದೊಂದು ಮುಕ್ತಾಯ ಹೊಸೆದು ಹಾಡುತ್ತಿದ್ದ. ಹಾಡಿ, ತಾನೇ ತಲೆ ಅಲ್ಲಾಡಿಸುತ್ತಿದ್ದ: "ಇದಲ್ಲವಾ, ಇದಲ್ಲ. ಅದು ಭಾಳ ಚಂದ ಇತ್ತ." ಆ "ಭಾಳ ಚಂದ ಇತ್ತ" ಎನ್ನುವಾಗಿನ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಅಣ್ಣನ ಮದುವೆಯಲ್ಲಿ, ಊಟವಾದ ಮೇಲೆ, ಬೀಗರ ಒತ್ತಾಯಕ್ಕೆ ಅಪ್ಪ ಈ ಪದವನ್ನು ಪೂರ್ತಿ ಹಾಡಿದ್ದ. ಅದು ಮದುವೆಯ ಸಿಡಿಯಲ್ಲಿದೆ. ಆ ಸಿಡಿ ಖಾನಾಪುರದ ಮನೆಯ ಟ್ರಂಕಿನಲ್ಲಿದೆ. ಸಿಡಿ ಪ್ಲೇಯರ್ ಎಂದೋ ಕೆಟ್ಟು ಗುಜರಿಗೆ ಹೋಯಿತು. ನಾಳೆ ನೋಡಿದರಾಯಿತು ಎಂದು ನಾವೆಲ್ಲ ವರ್ಷಗಟ್ಟಲೆ ಅಂದುಕೊಂಡೆವು.

ಅಂಗಡಿಯವರು ಕತೆ ಕೇಳಿ ಅಟ್ಟ ಹತ್ತಿದರು. ತಂತಿಯಿಂದ ಹೊರಗೇ ಸಿಗಿಸುವ ತೆಳ್ಳನೆಯ ಡ್ರೈವೊಂದನ್ನು ಧೂಳು ಊದುತ್ತ ತಂದರು. ಗಾಜಿನ ಪೆಟ್ಟಿಗೆ ಮೇಘಾಳಿಗೆ, ಹೊರಗಿನ ಬಾಯಿ ನನಗೆ. ರಾಜಿಯಾಯಿತು.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದುಕೊಂಡಿತು. ಡಿಸ್ಕ್ ಡ್ರೈವ್ ಯಾರಿಗೆ ಬೇಕು? ಮೇಘಾ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಈಗ ಆಟ ಕೊಂಡರೆ ಕೈಗೆ ಏನೂ ಬರುವುದಿಲ್ಲ. ದುಡ್ಡು ಹೋಗುತ್ತದೆ, ಆಟ ಗಾಳಿಯಲ್ಲಿ ಬರುತ್ತದೆ. ಸಿಡಿಯಾದರೋ ಎದುರಿಗೆ ಇರುತ್ತದೆ, ಮುಖ ನೋಡಿಕೊಳ್ಳಬಹುದು, ಆದರೆ ಓದುವ ಯಂತ್ರವಿಲ್ಲದಿದ್ದರೆ ಅದಕ್ಕಿಂತ ಮೂಗಿ ಇನ್ನೊಂದಿಲ್ಲ. ನಮ್ಮ ಖಾನಾಪುರದ ಬದಿಯ ಹಲಸಿಯಲ್ಲಿ ಕದಂಬರ ಕಾಲದ ತಾಮ್ರಪಟಗಳು ಸಿಕ್ಕವು. ನೂರಾರು ವರ್ಷ ಮಣ್ಣಿನಲ್ಲಿದ್ದರೂ ಒಂದಕ್ಷರ ಮಾಸಿರಲಿಲ್ಲ ಎಂದು ನಾವು ಹೆಮ್ಮೆ ಪಡುತ್ತೇವೆ. ಆದರೆ ನನ್ನನ್ನು ಅದರ ಎದುರು ನಿಲ್ಲಿಸಿ ನೋಡಿ, ಪಾತ್ರೆಯ ಮುಚ್ಚಳವೋ ಏನೋ ಅಂದುಕೊಂಡೇನು. ಅವಕ್ಕೂ ಡ್ರೈವ್ ಬೇಕು. ಕನ್ನಡಕ ಹಾಕಿಕೊಂಡ, ಹಳೆಯ ಲಿಪಿ ಬಲ್ಲ ಪಂಡಿತರೇ ಆ ಡ್ರೈವ್. ಇದನ್ನು ಮೇಘಾಳಿಗೆ ಹೇಳಿದಾಗ, "ಹಂಗಾರ ಆ ಪಂಡಿತರನ್ನೂ ತಂತೀಲೆ ಸಿಗಿಸೂಣೇನು?" ಎಂದಳು. ಈಗಿನ ಮಕ್ಕಳೊಂದಿಗೆ ಘನವಾದ ವಿಚಾರ ಮಾತಾಡುವುದೇ ಕಷ್ಟ.

ಕಂಪ್ಯೂಟರ್ ಮನೆಗೆ ಬಂತು. ದಸರೆಯಲ್ಲಿ ಆಯುಧ-ಯಂತ್ರಗಳಿಗೆ ಮಾಡುವ ಖಂಡೆಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿದೆ. ಫ್ಯಾನು ಅದರಲ್ಲಿ ಸ್ವಲ್ಪವನ್ನು ಎಳೆದುಕೊಂಡು ಒಳಗೆಲ್ಲ ಮುತ್ತೈದೆ ಕಳೆ ತಂದುಕೊಂಡಿತು. ಮೇಘಾ ಒಂದು ದಿನವಿಡೀ ಬ್ರಶ್ಶು ಹಿಡಿದು ಅದನ್ನು ಒರೆಸಿದಳು. ಮುಂದಿನ ಭಾನುವಾರ ಇಬ್ಬರೂ ಬೆಳಗಿನ ಬಸ್ಸಿಗೆ ಖಾನಾಪುರದ ಹಾದಿ ಹಿಡಿದೆವು.

ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಿಲಲ್ಲೇ ನೀರು ಕೊಟ್ಟಳು. ನಾನು ಕುಳಿತುಕೊಳ್ಳುವ ಮೊದಲೇ ಕೇಳಿದೆ: "ವೈನಿ, ನಿಮ್ಮ ಮದವಿ ಸಿಡಿ ಕೊಡ್ರಿ."

"ಅಯ್ಯ, ಅದಾ? ಗದ್ದ್ಯಾಗ ಐತಲ್ಲ."

"ಗದ್ದ್ಯಾಗ?"

"ಹೂಂನವಾ ಕಸ್ತೂರಿ. ಭತ್ತಕ್ಕ ಹಾಲು ತುಂಬಾಕತ್ತೈತಿ, ಹಕ್ಕಿ ಕಾಟ ಭಾಳ ಆಗಿತ್ತ. ಸಿಡಿ ಕಟ್ಟಿದ್ರ ಬಿಸಲಿಗೆ ಮಿಣಮಿಣ ಅಂತಾವು, ಒಂದ ಹಕ್ಕಿ ಹತ್ರ ಸುಳ್ಯಾಂಗಿಲ್ಲ. ಊರ ಮಂದಿ ಎಲ್ಲಾರೂ ಕಟ್ಯಾರ."

"ಮದವಿ ಸಿಡಿ ವೈನಿ ಅದು!"

"ಮದವಿ ಆಗಿ ಹೋತಲ್ಲವಾ. ಭತ್ತ ಇನ್ನೂ ಬರಬೇಕಲ್ಲ."

ಅಟ್ಟ ಹತ್ತಿಸಿ ಧೂಳು ಊದಿಸಿ ತಂದ ಡ್ರೈವ್ ಬೆಳಗಾವಿಯಲ್ಲಿ ಬಾಯಿ ತೆರೆದು ಕುಳಿತಿದೆ, ಅದರ ತುತ್ತು ಇಲ್ಲಿ ಗುಬ್ಬಿ ಓಡಿಸುತ್ತಿದೆ.

ಗದ್ದೆಗೆ ಓಡಿದೆವು. ಏನು ಹೇಳಲಿ, ನೋಟ ಮಾತ್ರ ಬಹಳ ಚೆಂದವಿತ್ತು. ಹಸಿರು ಭತ್ತದ ಮೇಲೆ ಹಗ್ಗ, ಹಗ್ಗಕ್ಕೆ ತೂಗುವ ಸಿಡಿಗಳು, ಒಂದೊಂದರಲ್ಲೂ ಒಂದು ಸಣ್ಣ ಸೂರ್ಯ. ಸಿಡಿಯನ್ನು ಡ್ರೈವ್ ಓದುವುದೂ ಬೆಳಕಿನಿಂದಲೇ ಎಂದು ಮೇಘಾ ಹಾದಿಯಲ್ಲಿ ಹೇಳುತ್ತಿದ್ದಳು. ಒಂದು ಕಿರಣ ಅದರ ಮೈಮೇಲಿನ ಗುಳಿಗಳನ್ನು ಸವರುತ್ತದಂತೆ, ಮುಟ್ಟುವುದೂ ಇಲ್ಲವಂತೆ. ಇಲ್ಲಿಯ ಹಕ್ಕಿಗಳೂ ಬೆಳಕು ಕಂಡೇ ದೂರ ಹೋಗುತ್ತಿದ್ದವು. ಸಿಡಿಗೆ ಎರಡೂ ಒಂದೇ ಕೆಲಸ. ಹೆಸರು ಬರೆದ ಶಾಯಿ ಮಾತ್ರ ಮಳೆಗೆ ತೊಳೆದು ಹೋಗಿತ್ತು. ಯಾವುದು ಮದುವೆ, ಯಾವುದು ಭಜನೆ, ಒಂದೂ ತಿಳಿಯದು.

ಅಪ್ಪ ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ತನ್ನ ಪದ ತನ್ನ ಕಣ್ಣೆದುರೇ ತೂಗಾಡುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಬೇಸರ ಮಾಡಿಕೊಂಡಾನೆಂದು ಅಂಜಿದ್ದೆ. ಅಪ್ಪ ಬಾಯಿ ತುಂಬ ನಕ್ಕ. "ಅಲ್ಲಽ, ನನ್ನ ಪದಕ್ಕ ಹಕ್ಕೀನೂ ನಿಲ್ಲೂದಿಲ್ಲಂತಾತು!" ಎಂದ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದ: "ಕೇಳಸ್ತೈತೇನವಾ ಇನ್ನಾ?"

ಗೊತ್ತಿಲ್ಲ ಎಂದೆ.

"ಹಂಗಾರ ನಾನೂ ಬರ್ತೇನಿ, ನಡ್ರಿ."

ವೈನಿ ತಾನೇ ಎಲ್ಲ ಸಿಡಿ ಬಿಚ್ಚಿದಳು, ಅವುಗಳ ಜಾಗದಲ್ಲಿ ಸ್ಟೀಲ್ ತಾಟುಗಳನ್ನು ಕಟ್ಟಿದಳು, ಸೀರೆ ಬದಲಿಸಿ ಬಂದಳು. "ನನ್ನ ಮದವಿ ನಾ ನೋಡಬ್ಯಾಡೇನು?" ಅಣ್ಣನನ್ನು ಗುಬ್ಬಿ ಕಾಯಲು ಬಿಟ್ಟು ನಾವು ನಾಲ್ವರೂ ಬೆಳಗಾವಿಯ ಬಸ್ಸು ಹತ್ತಿದೆವು. ಅಪ್ಪ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದ. ಕುರಿ ಕಿಟಕಿಯಲ್ಲಿ ಮುಖವಿಡುವವರೆಗೆ ಬರುವನು, ನಿಲ್ಲುವನು, ಮತ್ತೆ ಮೊದಲಿನಿಂದ.

ಮನೆಯಲ್ಲಿ ದೀಪಗಳಿಂದ ಝಗಝಗಿಸುವ ಗಾಜಿನ ಪೆಟ್ಟಿಗೆ ನೋಡಿ ಅಪ್ಪ ಚಪ್ಪಲಿ ಬಿಟ್ಟು ದೂರವೇ ನಿಂತ. "ಏನವಾ ಇದು, ಗಣಪತಿ ಕುಂಡ್ರಸೂ ಮಂಟಪೇನು?" ನಾವು ಸಿಡಿಗಳನ್ನು ಬೆಚ್ಚನೆಯ ನೀರಿನಲ್ಲಿ ಕೂಸಿಗೆ ಎರೆದ ಹಾಗೆ ತೊಳೆದೆವು. ಗೀರುಗಳಿಗೆ ಹಲ್ಲುಜ್ಜುವ ಪೇಸ್ಟು ತಿಕ್ಕಬೇಕೆಂದು ನನ್ನ ಗಂಡ ಹೇಳಿದರು. ಅದನ್ನೂ ತಿಕ್ಕಿದೆವು. ಮೊದಲನೆಯದು ಓಡಲೇ ಇಲ್ಲ. ಎರಡನೆಯದರಲ್ಲಿ ಯಾರೋ ಇಂಗ್ಲಿಷ್ ಕಲಿಸತೊಡಗಿದರು. ಮೂರನೆಯದು ಬಹಳ ಹೊತ್ತು ಗುರ್ರೆಂದು ತಿರುಗಿ, ತಿರುಗಿ, ಇದ್ದಕ್ಕಿದ್ದಂತೆ ಪರದೆಯ ತುಂಬ ವೈನಿ, ತಲೆತುಂಬ ಹೂ ಮುಡಿದು, ಅರಿಶಿನದ ಮುಖ ಬಗ್ಗಿಸಿಕೊಂಡು!

"ಅಯ್ಯ ಶಿವನ, ಎಷ್ಟ ಸಣ್ಣಾಕಿದ್ದೆ ನಾ!" ಎಂದು ವೈನಿ ಕೂಗಿದಳು. ಕಣ್ಣೀರು ಒರೆಸಿಕೊಂಡಳು, ನಕ್ಕಳು, ಮತ್ತೆ ಒರೆಸಿಕೊಂಡಳು. ಊಟದ ಪಂಕ್ತಿ ಹೋಯಿತು, ಬೀಗರು ಹೋದರು. ಆಮೇಲೆ ಡೊಳ್ಳು ಬಂತು. ಪಟಗ ಸುತ್ತಿದ ಅಪ್ಪ, ಕರಿ ಮೀಸೆಯ ಅಪ್ಪ, ಕಿವಿಗೆ ಕೈಯಿಟ್ಟು ಎತ್ತಿಕೊಂಡ. ಲೋಂಡಾ ಟೇಸನದಾಗ. ಕುರ್ಚಿಯ ಮೇಲಿನ ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಾನು ಎರಡು ಸಲ ತಿರುಗಿ ನೋಡಿದೆ. ರೈಲು ಕೂಗಿತು, ಹೊಗೆ ಬಿಟ್ಟಿತು, ಕುರಿ ಕಿಟಕಿಗೆ ಮುಖವಿಟ್ಟಿತು. ಆಮೇಲೆ ನಾವು ಯಾರೂ ಕೇಳಿರದ ಸಾಲು:

ಕರಿಕೋಟಿನ ಸಾಹೇಬ ಬಂದು ಕೇಳ್ಯಾನ
ಟಿಕೀಟ ಎಲ್ಲೈತಿ ಕುರಿಯವ್ವಾ

ಅಲ್ಲಿಗೆ ಗೀರು. "ಟಿಕೀಟ ಎಲ್ಲೈತಿ ಕುರಿಯವ್ವಾ, ಟಿಕೀಟ ಎಲ್ಲೈತಿ ಕುರಿಯವ್ವಾ." ಪರದೆಯ ಅಪ್ಪ ಕೈ ಎತ್ತುತ್ತಾನೆ, ಕೇಳುತ್ತಾನೆ, ಮತ್ತೆ ಕೈ ಎತ್ತುತ್ತಾನೆ. ಮೇಘಾ ಮುಂದೆ ಸರಿಸಿದಳು, ಇಲ್ಲ. ಹಿಂದೆ ಸರಿಸಿದಳು, ಅಲ್ಲಿಗೇ ಬಂದು ನಿಂತಿತು. ನನಗೆ ಅಳು ಬಂತು. ಇಷ್ಟು ಹತ್ತಿರ ಬಂದು!

"ಟಿಕೀಟ ಎಲ್ಲೈತಿ ಕುರಿಯವ್ವಾ."

"ಎಷ್ಟ ಸಲ ಕೇಳ್ತೀಯೋ ಮಾರಾಯಾ!" ಎಂದು ಅಪ್ಪ ಪರದೆಗೆ ಗದರಿದ. ಗದರಿದ ಬಾಯಿ ಮುಚ್ಚಲೇ ಇಲ್ಲ. ಕೈ ತಾನಾಗಿಯೇ ಕಿವಿಗೆ ಹೋಯಿತು.

ನಿನ್ನ ಮೈಮ್ಯಾಗಿನ ಕೋಟು ನನ್ನ ಉಣ್ಣೀದೋ ಸಾಹೇಬಾ
ಹೊಳ್ಳಿಸಿ ನೋಡ ಅದರಾಗ ನನ್ನ ಟಿಕೀಟೈತಿ

ನಾವು ಹೋ ಎಂದು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿರಬೇಕು. ಅಪ್ಪ ನಿಲ್ಲಲಿಲ್ಲ. ಸಾಹೇಬ ಟೊಪ್ಪಿಗೆ ತೆಗೆದ, ಕುರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಕುರಿ ಗೋವಾದ ಸಮುದ್ರ ಕಂಡಿತು, ಒಂದು ಗುಟುಕು ಕುಡಿಯಿತು, ಇಷ್ಟು ನೀರಿದ್ದೂ ಕುಡಿಯಲಿಕ್ಕೆ ಆಗುವುದಿಲ್ಲವಲ್ಲ ಎಂದು ಮೂಗು ಮುರಿಯಿತು, ಮರುದಿನದ ರೈಲಿಗೆ ಲೋಂಡಾದಲ್ಲಿ ಇಳಿದು ಹಿಂಡು ಸೇರಿತು. ಮೇಘಾ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಳು, ಹಿಡಿಯುತ್ತಲೇ ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟಿದಳು.

ಪದ ಮುಗಿದರೂ ಡ್ರೈವ್ ತಿರುಗುತ್ತಲೇ ಇತ್ತು. ಪರದೆಯ ಮೇಲಿನ ಪ್ರಾಯದ ಅಪ್ಪ ಅದೇ ಪ್ರಶ್ನೆ ಕೇಳುತ್ತಲೇ ಇದ್ದ. ಮೇಘಾ ಅದನ್ನು ನಿಲ್ಲಿಸಲು ಕೈ ಚಾಚಿದಳು.

"ಇರ್ಲಿ ಬಿಡವಾ," ಎಂದ ಅಪ್ಪ, ಕಂಬಳಿ ಸರಿಮಾಡಿಕೊಳ್ಳುತ್ತ. "ಅಂವ ಕೇಳ್ಕೋತ ಇರ್ಲಿ. ನಾ ಹೇಳ್ಕೋತ ಇರ್ತೇನಿ."